ಕಾಲೇಜು ಲೈಬ್ರರಿಗೆ ಐಎಸ್ಒ 9001 ಹೊಂದುತ್ತದಾ?

ನೀವು ಪದವಿ ಕಾಲೇಜಿನ ಲೈಬ್ರೇರಿಯನ್. ಆಡಳಿತ ಮಂಡಳಿ ಐಎಸ್ಒ 9001, ಅಂದರೆ ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡದ ಸರ್ಟಿಫಿಕೇಟ್, ಮಾಡಿಸೋಣ ಎನ್ನುತ್ತಿದೆ. ಕಾರ್ಖಾನೆಗೆ ಸರಿ, ಲೈಬ್ರರಿಗೆ ಇದು ಹೊಂದುತ್ತದಾ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ನಾನೂ ಇದೇ ಕೆಲಸದವನು. ಹೊಂದುತ್ತದೆ, ಆದರೆ ಸರ್ಟಿಫಿಕೇಟಿನಿಂದ ಶುರು ಮಾಡಬೇಡಿ.

ಓದುಗ ಬರಿಗೈಯಲ್ಲಿ ವಾಪಸ್ ಹೋದರೆ ನಮ್ಮ ಕೆಲಸದಲ್ಲಿ ಅದೇ ದೋಷ. ಎಷ್ಟು ಪುಸ್ತಕ ಇವೆ, ಎಷ್ಟು ಇಶ್ಯೂ ಆದವು, ಗೇಟ್ ರಿಜಿಸ್ಟರಿನಲ್ಲಿ ಎಷ್ಟು ಸಹಿ, ಎಲ್ಲದಕ್ಕೂ ಲೆಕ್ಕ ಇಡುತ್ತೇವೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಕೇಳಿದಾಗ ತೋರಿಸುತ್ತೇವೆ. ಕೇಳಿದ್ದು ಸಿಗದೆ ಹೋದವರ ಲೆಕ್ಕ ಮಾತ್ರ ಎಲ್ಲೂ ಇರುವುದಿಲ್ಲ, ಅಲ್ವಾ?

ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಡಿ. ಸಿಗದ ಪುಸ್ತಕದ ಹೆಸರು ಬರೆದು, ಪಕ್ಕದಲ್ಲಿ ಕಾರಣ ಬರೆಯಿರಿ. ಹೆಚ್ಚುಕಡಿಮೆ ಎಲ್ಲವೂ ನಾಲ್ಕು ಕಾರಣಗಳಲ್ಲಿ ಬಂದುಬಿಡುತ್ತವೆ. ನಾವು ಕೊಂಡೇ ಇಲ್ಲ. ಕೊಂಡಿದ್ದೇವೆ, ಬೇರೆಯವರ ಹತ್ತಿರ ಇದೆ. ಇಶ್ಯೂ ಆಗಿಲ್ಲ, ಆದರೂ ತನ್ನ ಜಾಗದಲ್ಲಿಲ್ಲ. ಜಾಗದಲ್ಲೇ ಇದೆ, ಕೇಳಿದವರಿಗೆ ಹುಡುಕಲು ಬರಲಿಲ್ಲ. ಮೊದಲನೆಯದಕ್ಕೆ ದುಡ್ಡು ಬೇಕು. ಎರಡನೆಯದಕ್ಕೆ ಇನ್ನೊಂದೆರಡು ಪ್ರತಿ, ಇಲ್ಲವೇ ಇಶ್ಯೂ ಅವಧಿ ಕಡಿಮೆ ಮಾಡುವುದು. ಕೊನೆಯದಕ್ಕೆ ಶೆಲ್ಫಿನ ಬದಿಯಲ್ಲಿ ಕನ್ನಡದ ಬೋರ್ಡು. ನಮ್ಮಲ್ಲಿ ಜಾಸ್ತಿ ಕಾಡಿದ್ದು ಮೂರನೆಯದು. ಪರೀಕ್ಷೆ ಹತ್ತಿರ ಬಂತೆಂದರೆ ಅಕೌಂಟೆನ್ಸಿ ಪುಸ್ತಕ ಕಾದಂಬರಿಗಳ ಹಿಂದೆ ಹೋಗಿ ಕೂರುತ್ತದೆ. ಯಾರು ಇಟ್ಟರೆಂದು ಇಡೀ ಕ್ಲಾಸಿಗೆ ಗೊತ್ತು, ನಮಗೆ ಮಾತ್ರ ಗೊತ್ತಿಲ್ಲ! ಇದಕ್ಕೆ ಪೈಸೆ ಖರ್ಚಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಒಂದೆರಡು ಶೆಲ್ಫಿನ ಕಾಲ್ ನಂಬರ್ (ಪುಸ್ತಕದ ಜಾಗ ಹೇಳುವ, ಬೆನ್ನಿನ ಮೇಲಿನ ಸಂಖ್ಯೆ) ಸಾಲಾಗಿ ನೋಡಿ ಸರಿ ಮಾಡಿಟ್ಟರೆ ಸಾಕು.

ಆಡಳಿತ ಮಂಡಳಿಗೆ ಒಂದು ಲೆಕ್ಕ ಹೇಳಿ. ಪುಸ್ತಕ ಕೈಗೆ ಸಿಗಬೇಕಾದರೆ ಈ ನಾಲ್ಕೂ ಹಂತ ದಾಟಬೇಕು: ಕೊಂಡಿರಬೇಕು, ಬೇರೆಯವರ ಹತ್ತಿರ ಇರಬಾರದು, ಜಾಗದಲ್ಲಿರಬೇಕು, ಹುಡುಕಲು ಬರಬೇಕು. ಪ್ರತಿ ಹಂತದಲ್ಲೂ ನಾವು ನೂರಕ್ಕೆ 90 ಸರಿ ಇದ್ದೇವೆ ಎಂದುಕೊಳ್ಳಿ. 0.9 ಅನ್ನು ನಾಲ್ಕು ಸಲ ಗುಣಿಸಿದರೆ ಬರುವುದು ಸುಮಾರು 0.66. ಅಂದರೆ ಮೂವರಲ್ಲಿ ಒಬ್ಬರಿಗೆ ಪುಸ್ತಕ ಸಿಗುವುದಿಲ್ಲ.

ಐಎಸ್ಒ 9001 ಎಲ್ಲ ಬಗೆಯ ಸಂಸ್ಥೆಗಳಿಗೂ ಇರುವಂಥದ್ದು. ಲೈಬ್ರರಿಯಲ್ಲಿ ಏನನ್ನು ಅಳೆಯಬೇಕು ಎಂದು ಅದು ಹೇಳುವುದಿಲ್ಲ. ಅದಕ್ಕೆ ಲೈಬ್ರರಿಗಳಿಗೆಂದೇ ಇರುವ ಮಾನದಂಡ ಐಎಸ್ಒ 11620 ನೋಡಿ. ಕೇಳಿದ ಪುಸ್ತಕ ಎಷ್ಟರ ಮಟ್ಟಿಗೆ ಸಿಗುತ್ತದೆ, ಶೆಲ್ಫಿನಲ್ಲಿ ಸರಿಯಾದ ಜಾಗದಲ್ಲಿದೆಯಾ, ಇಂಥ ಅಳತೆಗಳೆಲ್ಲ ಅದರಲ್ಲಿವೆ. ಇನ್ನು ಫೀಡ್‌ಬ್ಯಾಕ್ ಫಾರಂ. 'ತುಂಬಾ ಚೆನ್ನಾಗಿದೆ'ಗೆ ಟಿಕ್ ಹಾಕಿಸುವುದು ಸುಮ್ನೆ ಕಾಗದ ದಂಡ. ಅಮೆರಿಕದ ಲಿಬ್‌ಕ್ವಾಲ್ ಸಮೀಕ್ಷೆ ಪ್ರತಿ ಸೇವೆಗೂ ಮೂರು ಅಂಕ ಕೇಳುತ್ತದೆ: ಕನಿಷ್ಠ ಎಷ್ಟಿರಬೇಕು, ಎಷ್ಟಿದ್ದರೆ ಚೆಂದ, ಈಗ ಎಷ್ಟಿದೆ. ಎಲ್ಲಿ ಕೊರತೆ ಇದೆ ಎಂದು ಆಗ ಕಾಣುತ್ತದೆ.

ಇದೆಲ್ಲ ಹೊರಗಿನ ಫ್ಯಾಷನ್ ಎಂದು ಯಾರಾದರೂ ಮೂಗು ಮುರಿದರೆ ನಮ್ಮ ದೇಶದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರನ್ನು ನೆನಪಿಸಿ. ಓದುಗರ ಸಮಯ ಉಳಿಸಿ ಎಂದು 1931ರಲ್ಲೇ ಬರೆದವರು ಅವರು. ಐಎಸ್ಒ 9000 ಸರಣಿ ಬಂದದ್ದು 1987ರಲ್ಲಿ.

ಒಂದು ಎಚ್ಚರಿಕೆ. ನೋಟ್‌ಬುಕ್ಕಿನಲ್ಲಿ ಸಿಬ್ಬಂದಿಯ ಹೆಸರು ಬರೆಯಬೇಡಿ. 'ಯಾವ ಅಟೆಂಡರ್ ತಪ್ಪು?' ಎಂದು ಮೇಲಿನವರು ಒಮ್ಮೆ ಕೇಳಿದರೆ ಸಾಕು, ಮಾರನೇ ದಿನದಿಂದ ಯಾರೂ ಬರೆಯುವುದಿಲ್ಲ.

ಒಂದು ಸೆಮಿಸ್ಟರ್ ಹೀಗೆ ನಡೆಸಿ. ಆಮೇಲೂ ಸರ್ಟಿಫಿಕೇಟ್ ಬೇಕೆಂದರೆ ಮಾಡಿಸಲಿ ಬಿಡಿ. ಏನು ತಪ್ಪಿತು, ಯಾಕೆ, ಏನು ಸರಿ ಮಾಡಿದಿರಿ ಎಂದು ಆಡಿಟರ್ ಕೇಳೇ ಕೇಳುತ್ತಾರೆ. ಅಷ್ಟು ಹೊತ್ತಿಗೆ ಉತ್ತರ ನಿಮ್ಮ ಹತ್ತಿರ ಇರುತ್ತದೆ.