ಹುಬ್ಬಳ್ಳಿಯಲ್ಲಿ ಕೂತು ಜರ್ಮನಿಯ ಕ್ಲೈಂಟ್‌ಗೆ ಸಾಫ್ಟ್‌ವೇರ್ ಕೆಲಸ ಮಾಡಿದ್ದೇನೆ. ಅವರು ಐಬ್ಯಾನ್ ಕೇಳುತ್ತಿದ್ದಾರೆ, ಏನು ಕೊಡಲಿ?

ಐಬ್ಯಾನ್ ಅಂದರೆ ಯುರೋಪ್ ಮುಂತಾದ ಕಡೆ ಬಳಸುವ ಅಂತರರಾಷ್ಟ್ರೀಯ ಖಾತೆ ಸಂಖ್ಯೆ. ಭಾರತದ ಬ್ಯಾಂಕ್ ಖಾತೆಗಳಿಗೆ ಅದು ಇಲ್ಲ, ಸುಮ್ನೆ ಹುಡುಕಬೇಡಿ. ಪಾಸ್‌ಬುಕ್‌ನಲ್ಲಿರುವ ಹಾಗೇ ನಿಮ್ಮ ಹೆಸರು, ಖಾತೆ ಸಂಖ್ಯೆ, ಬ್ಯಾಂಕಿನ ವಿಳಾಸ, ಸ್ವಿಫ್ಟ್ ಕೋಡ್ (ವಿದೇಶಿ ಹಣ ವರ್ಗಾವಣೆಗೆ ಬ್ಯಾಂಕನ್ನು ಗುರುತಿಸುವ ಸಂಕೇತ) ಕೊಡಿ. ಸ್ವಿಫ್ಟ್ ಕೋಡ್ ಎಲ್ಲ ಶಾಖೆಗೂ ಇರುವುದಿಲ್ಲ. ಖಾತೆ ವಿದ್ಯಾನಗರದ ಸಣ್ಣ ಶಾಖೆಯಲ್ಲಿದ್ದರೂ ಚಿಂತೆ ಬೇಡ. ಅದೇ ಬ್ಯಾಂಕಿನಲ್ಲಿ ಫಾರೆಕ್ಸ್ (ವಿದೇಶಿ ವಿನಿಮಯ) ನೋಡಿಕೊಳ್ಳುವ ಶಾಖೆಯ ಕೋಡ್ ಕೇಳಿ ಪಡೆಯಿರಿ. ಅದು 8 ಅಥವಾ 11 ಅಕ್ಷರದ್ದು.

ಜಾಸ್ತಿ ಜನ ತಲೆ ಕೆಡಿಸಿಕೊಳ್ಳುವುದು ಇಲ್ಲಿ: 500 ಯೂರೋ ಬಿಲ್ ಕಳಿಸಿದರೆ ಪೂರ್ತಿ 500 ಬರುವುದಿಲ್ಲ. ನಡುವಿನ ಬ್ಯಾಂಕ್ ತನ್ನ ಶುಲ್ಕ ಮುರಿದುಕೊಳ್ಳುತ್ತದೆ. ಕ್ಲೈಂಟ್ ಹಣ ಕಳಿಸುವಾಗ ‘ಅವರ್’ (OUR) ಆಯ್ಕೆ ಹಾಕಿದರೆ ಆ ಖರ್ಚು ಕ್ಲೈಂಟ್ ಮೇಲೆ, ‘ಶೇರ್’ (SHA) ಹಾಕಿದರೆ ಇಬ್ಬರಿಗೂ ಹಂಚಿಕೆ. ಇದನ್ನು ಇನ್‌ವಾಯ್ಸ್‌ನಲ್ಲೇ ಬರೆದುಬಿಡಿ, ಆಮೇಲೆ ಕೇಳುವುದು ಮುಜುಗರ ಅಲ್ವಾ? ಶುಲ್ಕಕ್ಕಿಂತ ದೊಡ್ಡ ಹೊಡೆತ ವಿನಿಮಯ ದರದ್ದು. ಗೂಗಲ್ ತೋರಿಸುವ ದರವನ್ನು ಬ್ಯಾಂಕ್ ಕೊಡುವುದಿಲ್ಲ. ಮೊತ್ತ ದೊಡ್ಡದಿದ್ದರೆ ಮ್ಯಾನೇಜರ್ ಹತ್ತಿರ ಚೌಕಾಸಿ ಮಾಡಿ, ನಾಚಿಕೆ ಬೇಡ.

ಹಣ ಬಂದಾಗ ಬ್ಯಾಂಕ್ ಪರ್ಪಸ್ ಕೋಡ್, ಅಂದರೆ ಹಣ ಯಾವ ಕಾರಣಕ್ಕೆ ಬಂತು ಎಂದು ತಿಳಿಸುವ ಸಂಕೇತ ಕೇಳುತ್ತದೆ. ಸಾಫ್ಟ್‌ವೇರ್ ಕನ್ಸಲ್ಟೆನ್ಸಿಗೆ ಸಾಮಾನ್ಯವಾಗಿ ಪಿ0802. ‘ಮನೆ ಖರ್ಚಿಗೆ’ ಎಂದು ಮಾತ್ರ ಬರೆಸಬೇಡಿ. ಇನ್‌ವಾಯ್ಸ್ ಜೊತೆಗೆ ಎಫ್‌ಐಆರ್‌ಎ ಪತ್ರವನ್ನೂ ಬ್ಯಾಂಕಿನಿಂದ ಕೇಳಿ ಇಟ್ಟುಕೊಳ್ಳಿ. ಇದು ವಿದೇಶದಿಂದ ಹಣ ಬಂದಿದ್ದಕ್ಕೆ ದಾಖಲೆ, ಜಿಎಸ್‌ಟಿಗೂ ಬೇಕಾಗುತ್ತದೆ.

ಜಿಎಸ್‌ಟಿ ನೋಂದಣಿ ಇದ್ದವರು ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ ಪತ್ರ) ಸಲ್ಲಿಸಿದರೆ ರಫ್ತು ಸೇವೆಗೆ ಜಿಎಸ್‌ಟಿ ಕಟ್ಟದೆ ಬಿಲ್ ಮಾಡಬಹುದು. ಆದಾಯ ತೆರಿಗೆ ಬೇರೆ, ಅದು ತಪ್ಪುವುದಿಲ್ಲ.