ಯೂಟ್ಯೂಬ್ ವಿಡಿಯೊ ನೋಡಿ ಮೈಸೂರಿನ ಟ್ರಾಫಿಕ್ ಅಳೆಯಬಹುದಾ?

ಜನ ಯೂಟ್ಯೂಬ್‌ಗೆ ಹಾಕಿರುವ ರಸ್ತೆ ವಿಡಿಯೊಗಳಿಂದಲೇ ಮೈಸೂರಿನ ಓಡಾಟದ ಬಗ್ಗೆ ಪ್ರಾಜೆಕ್ಟ್ ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು. ನಾನೂ ಇದೇ ಹುಚ್ಚಿಗೆ ಬಿದ್ದು ಎರಡು ತಿಂಗಳು ಕಳೆದಿದ್ದೇನೆ.

ಮೊದಲು ಎಣಿಸುವ ಕೆಲಸವನ್ನು ಕಂಪ್ಯೂಟರಿಗೆ ಬಿಟ್ಟೆ. ಸಯ್ಯಾಜಿರಾವ್ ರಸ್ತೆಯ ವಿಡಿಯೊದಲ್ಲಿ ಒಂದೇ ಒಂದು ಆಟೊ ಸಿಗಲಿಲ್ಲ! ಕೆಲವು ಕಾರಾಗಿದ್ದವು, ಕೆಲವು ಲಾರಿ. ಚಿತ್ರದಲ್ಲಿ ಏನೇನಿದೆ ಅಂತ ಗುರುತಿಸುವ, ಪುಕ್ಕಟೆ ಸಿಗುವ ಯೋಲೊ ಅನ್ನುವ ಕಂಪ್ಯೂಟರ್ ಮಾದರಿಗಳು ಸಾಮಾನ್ಯವಾಗಿ ಕಲಿತಿರುವುದು ಕೋಕೊ ಅನ್ನುವ ಚಿತ್ರಸಂಗ್ರಹದಿಂದ. ಅದರಲ್ಲಿ 80 ಬಗೆಯ ವಸ್ತುಗಳಿವೆ. ಜಿರಾಫೆ ಇದೆ, ಜೀಬ್ರಾ ಇದೆ, ಆಟೊ ಇಲ್ಲ. ನಮ್ಮ ಜೂಗಾದರೆ ಸರಿ, ರಸ್ತೆಗೆ ಸಾಲದು. ಟಾಂಗಾ ಬಂದರೆ ಕುದುರೆ ಮಾತ್ರ ಕಾಣುತ್ತದೆ. ಹೈದರಾಬಾದಿನ ಐಐಐಟಿಯವರ ಇಂಡಿಯಾ ಡ್ರೈವಿಂಗ್ ಡೇಟಾಸೆಟ್ ಅನ್ನುವ ನಮ್ಮ ರಸ್ತೆಗಳ ಚಿತ್ರಸಂಗ್ರಹದಲ್ಲಿ ಆಟೊಗೆ ಬೇರೆ ಗುಂಪೇ ಇದೆ. ಅದರಿಂದ ಮಾದರಿಗೆ ಮತ್ತೆ ಪಾಠ ಹೇಳಿಸಿ.

ಇನ್ನೊಂದು, ಬೈಕಿಗೆ ಕ್ಯಾಮೆರಾ ಕಟ್ಟಿಕೊಂಡು ತೆಗೆದ ವಿಡಿಯೊ. ಎದುರಿನಿಂದ ಬರುವ ಗಾಡಿಗಳು ಸರಸರ ದಾಟುತ್ತವೆ, ಜೊತೆಯಲ್ಲಿ ಹೋಗುವವು ಅಲ್ಲೇ ಇರುತ್ತವೆ. ಹಾಗಾಗಿ ಸುಮ್ನೆ ಎಣಿಸಿದರೆ ತಪ್ಪು. 1954ರಲ್ಲೇ ವಾರ್ಡ್ರಾಪ್ ಮತ್ತು ಚಾರ್ಲ್ಸ್‌ವರ್ತ್ ಅನ್ನುವ ಟ್ರಾಫಿಕ್ ಸಂಶೋಧಕರು ಇದಕ್ಕೊಂದು ದಾರಿ ಹೇಳಿದ್ದಾರೆ. ಒಂದೇ ರಸ್ತೆಯಲ್ಲಿ ಹೋಗಿ, ವಾಪಸ್ ಬರಬೇಕು. ಎದುರು ಸಿಕ್ಕವು, ನಮ್ಮನ್ನು ಹಿಂದೆ ಹಾಕಿದವು, ನಾವು ಹಿಂದೆ ಹಾಕಿದವು, ಎರಡೂ ಕಡೆ ಹಿಡಿದ ಸಮಯ, ಇಷ್ಟನ್ನೂ ಸೇರಿಸಿ ಲೆಕ್ಕ. ಆದರೆ ಹೋಗಿ ಬಂದದ್ದು ಎರಡನ್ನೂ ಹಾಕುವ ಯೂಟ್ಯೂಬರ್ ಎಲ್ಲಿ ಸಿಗುತ್ತಾನೆ? ನಡುವೆ ಕತ್ತರಿ ಹಾಕಿದ್ದರಂತೂ ಮುಗೀತು.

ಅದಕ್ಕಿಂತ ದೊಡ್ಡ ತೊಡಕು, ಜನ ತೆಗೆಯುವುದೇ ದಸರಾ ದೀಪಾಲಂಕಾರ. ಕುವೆಂಪುನಗರದಲ್ಲಿ ಮಂಗಳವಾರ ಬೆಳಿಗ್ಗೆ ಶಾಲೆ ಹೊತ್ತಿನ ರಸ್ತೆಯನ್ನು ಯಾರು ತೆಗೆಯುತ್ತಾರೆ, ಅಲ್ವಾ? ಹಾಕಿದ ತಾರೀಕು ತೆಗೆದ ತಾರೀಕೂ ಅಲ್ಲ.

ಹಾಗಾಗಿ ನಾನು 'ಎಷ್ಟು ಗಾಡಿ' ಬಿಟ್ಟು 'ಜನ ಹೇಗೆ ಓಡಾಡುತ್ತಾರೆ' ಅನ್ನುವುದನ್ನು ಹಿಡಿದೆ. ಚಿಕ್ಕ ಗಡಿಯಾರದ ಹತ್ತಿರ ಯಾರೋ ನಡೆಯುತ್ತಾ ತೆಗೆದ ವಿಡಿಯೊ ಒಂದಿತ್ತು. ಮುಂದೆ ಒಬ್ಬ ಅಜ್ಜಿ, ಕೈಯಲ್ಲಿ ವೈರ್ ಬುಟ್ಟಿ. ಫುಟ್‌ಪಾತಿಗೆ ಅಡ್ಡ ನಿಲ್ಲಿಸಿದ ಬೈಕು ಬಂದಾಗ ರಸ್ತೆಗೆ ಇಳಿದರು. ಬೈಕು ದಾಟಿದ ಮೇಲೂ ಮತ್ತೆ ಫುಟ್‌ಪಾತ್ ಹತ್ತಲಿಲ್ಲ. ಅದರ ಅಂಚು ಅವರ ಮೊಣಕಾಲಿಗೆ ಎತ್ತರ. ಹಿಂದಿನ ಆಟೊ ನಿಧಾನವಾಯಿತು, ಅದರ ಹಿಂದಿನ ಬಸ್ಸೂ ನಿಂತಿತು. ರಸ್ತೆ ಬದಿ ಕೂತು ಗಾಡಿಗೊಂದು ಗೀಟು ಹಾಕಿ ಎಣಿಸುವವನ ಹಾಳೆಯಲ್ಲಿ ಇದು ಒಂದು ಆಟೊ, ಒಂದು ಬಸ್ಸು, ಅಷ್ಟೇ.

ನೀವೂ ಒಂದೇ ಜಾಗ ಹಿಡಿಯಿರಿ. ಸಿಕ್ಕ ವಿಡಿಯೊಗಳಲ್ಲಿ ಯಾರು ಎಲ್ಲಿ ಇಳಿದರು, ಯಾಕೆ, ಎಲ್ಲಿ ಹತ್ತಿದರು ಅಂತ ಬರೆದುಕೊಳ್ಳಿ. ಒಂದು ಬೆಳಿಗ್ಗೆ ನೀವೇ ಅಲ್ಲಿ ನಿಂತು ತಾಳೆ ನೋಡಿ. ವರದಿಗೆ ಚಿತ್ರ ಹಾಕುವಾಗ ಮುಖ, ನಂಬರ್ ಪ್ಲೇಟ್ ಎರಡನ್ನೂ ಮಸುಕು ಮಾಡಿ.