ಕಾರಿನ ಸ್ಪಾರ್ಕ್ ಪ್ಲಗ್ ಗುಂಡಿಯಲ್ಲಿ ಆಯಿಲ್ ತುಂಬುತ್ತಿದೆ, ನಾಲ್ಕೂ ಟ್ಯೂಬ್ ತರಿಸಿ ಮನೆಯಲ್ಲೇ ಬದಲಾಯಿಸಬಹುದಾ?

ಬದಲಾಯಿಸಬಹುದು. ಟ್ಯೂಬ್ ಅಂದರೆ ಪ್ಲಗ್ಗಿನ ಸುತ್ತ ನಿಂತು ಆಯಿಲನ್ನು ಹೊರಗೇ ತಡೆಯುವ ಕೊಳವೆ. ಬಳ್ಳಾರಿಯಲ್ಲಿ ನಮ್ಮ ಮನೆ ಮುಂದೆಯೇ ನಾನೂ ಆ ಕೆಲಸ ಮಾಡಿದ್ದೇನೆ. ಆದರೆ ನೀವು ನಾಲ್ಕೂ ಟ್ಯೂಬ್ ತರಿಸುವುದಕ್ಕೆ ಹೊರಟಿದ್ದೀರಿ. ಸೋರುತ್ತಿರುವುದು ಟ್ಯೂಬೇ ಅಂತ ಮೊದಲು ಖಾತ್ರಿ ಮಾಡಿಕೊಂಡಿದ್ದೀರಾ?

ಟ್ಯಾಪೆಟ್ ಕವರ್, ಅಂದರೆ ಎಂಜಿನ್ ಮೇಲಿನ ಮುಚ್ಚಳ, ಟ್ಯೂಬಿನ ಮೇಲ್ತುದಿಯನ್ನು ಹಿಡಿಯುವ ಜಾಗದಲ್ಲಿ ರಬ್ಬರ್ ಸೀಲ್ ಇರುತ್ತದೆ. ಎಂಜಿನ್ ಬಿಸಿಗೆ ಅದು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಉಗುರಿನಿಂದ ಒತ್ತಿ ನೋಡಿ, ಬಗ್ಗದಿದ್ದರೆ ಮೊದಲು ಸೀಲ್ ಮತ್ತು ಕವರ್ ಪ್ಯಾಕಿಂಗ್ ಹಾಕಿಸಿ. ಎಷ್ಟೋ ಗಾಡಿಗಳಲ್ಲಿ ಸೋರಿಕೆ ಅಲ್ಲಿಗೇ ನಿಲ್ಲುತ್ತದೆ. ಕೆಲವು ಎಂಜಿನ್‌ಗಳಲ್ಲಿ ಟ್ಯೂಬ್ ಬೇರೆ ಇರುವುದೇ ಇಲ್ಲ, ಹೆಡ್ಡಿನ (ಕವರ್ ಕೆಳಗೆ ಪ್ಲಗ್ ಕೂರುವ ಎಂಜಿನ್ ಭಾಗ) ಜೊತೆಗೇ ಎರಕ ಹೊಯ್ದಿರುತ್ತಾರೆ.

ನನ್ನ ಗಾಡಿಯಲ್ಲಿ ಹೊಸ ಸೀಲ್ ಹಾಕಿದ ಮೇಲೂ ಗುಂಡಿ ತುಂಬಿತು. ಅಂದರೆ ಟ್ಯೂಬು ಹೆಡ್ಡಿನೊಳಗೆ ಕೂರುವ ಬುಡದಿಂದ ಆಯಿಲ್ ಬರುತ್ತಿತ್ತು. ಟ್ಯೂಬ್ ಕಿತ್ತು ಹೊಸದು ಹೊಡೆದೆ. ಬುಡಕ್ಕೆ ಸಿಲಿಕಾನ್ ಪೇಸ್ಟ್ ಹಚ್ಚಿದೆ. ಹಾಳಾಗಿದ್ದು ಅಲ್ಲೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ನಿಮಗೂ ಅದನ್ನೇ ಕೊಡುತ್ತಾರೆ. ಸಿಲಿಕಾನ್ ಪೇಸ್ಟ್ ಇರುವುದು ಎರಡು ಚಪ್ಪಟೆ ಮುಖಗಳ ನಡುವಿನ ಸಂದು ತುಂಬುವುದಕ್ಕೆ. ಗಾಳಿಯ ತೇವ ತಾಗಿದರೆ ಅದು ಗಟ್ಟಿಯಾಗುತ್ತದೆ. ಟ್ಯೂಬು ಬಿಗಿಯಾಗಿ ಇಳಿಯುವಾಗ ಪೇಸ್ಟೆಲ್ಲ ಮೇಲಕ್ಕೆ ಕೆರೆದುಕೊಂಡು ಬರುತ್ತದೆ, ಬೇಕಾದ ಜಾಗದಲ್ಲಿ ಏನೂ ಉಳಿಯುವುದಿಲ್ಲ. ಮೇಲೆ ಉಳಿದ ತುಣುಕು ಕಿತ್ತುಕೊಂಡು ಕೆಳಗಿನ ಆಯಿಲ್ ಚೇಂಬರಿಗೆ ಇಳಿದರೆ ಆಯಿಲ್ ಪಂಪಿನ ಜಾಲರಿಗೆ ಕಟ್ಟಿಕೊಳ್ಳುತ್ತದೆ. ಬೇಕಾಗಿದ್ದು ರಿಟೈನಿಂಗ್ ಕಾಂಪೌಂಡ್, ಬೇರಿಂಗ್ ಕೂರಿಸುವಾಗ ಹಾಕುವ ಹಸಿರು ದ್ರವ. ಗಾಳಿ ಆಡದ ಜಾಗದಲ್ಲಿ, ಲೋಹದ ನಡುವೆ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಆದರೆ ಆಯಿಲ್ ಪಸೆ ಇದ್ದರೆ ಸರಿಯಾಗಿ ಹಿಡಿಯುವುದಿಲ್ಲ. ಹೆಡ್ಡಿನ ತೂತು, ಟ್ಯೂಬು ಎರಡನ್ನೂ ಬ್ರೇಕ್ ಕ್ಲೀನರ್ ಹಾಕಿ ಒರೆಸಿ. ಹಾಕಿದ ಮೇಲೆ 24 ಗಂಟೆ ಗಾಡಿ ಸ್ಟಾರ್ಟ್ ಮಾಡಬೇಡಿ.

ನನ್ನ ಸಿಲಿಕಾನ್ ಕೆಲವು ವಾರಕ್ಕೇ ಕೈಕೊಟ್ಟಿತು. ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲಿನ ರಬ್ಬರ್ ಬೂಟ್ ಆಯಿಲಿನಲ್ಲಿ ನೆಂದು ಉಬ್ಬಿತು, ಗಾಡಿ ಮಿಸ್ಸಿಂಗ್ ಹೊಡೆಯಿತು. ಸ್ಕ್ಯಾನರ್‌ನಲ್ಲಿ ಪಿ0302 ಬಂತು, ಅಂದರೆ ಎರಡನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಟ್ಯೂಬಿನ ಎಷ್ಟೋ ಪಟ್ಟು ದುಡ್ಡು ಹೊಸ ಕಾಯಿಲ್‌ಗೆ ಹೋಯಿತು. ಹಾಗೇ ಓಡಿಸಿದ್ದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿ ಹಿಡಿದು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟು ಹಾಳಾಗುತ್ತಿತ್ತು.

ಸಂಡೂರು, ತೋರಣಗಲ್ಲು ಕಡೆ ಓಡಾಡುವ ಗಾಡಿಯಾದರೆ ಇನ್ನೊಂದು ಮಾತು. ಅದಿರಿನ ಕೆಂಪು ಧೂಳು ಕವರ್ ಸುತ್ತ ದಪ್ಪಗೆ ಕೂತಿರುತ್ತದೆ. ಕಾಯಿಲ್ ಬಿಚ್ಚುವ ಮುಂಚೆಯೇ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ ಅದನ್ನು ಹಾರಿಸಿ. ಆ ಧೂಳು ಒಳಗೆ ಬಿದ್ದರೆ ಟ್ಯೂಬ್ ಸೋರುವುದಕ್ಕಿಂತ ದೊಡ್ಡ ನಷ್ಟ.

ಗುಂಡಿಯ ಆಯಿಲನ್ನು ಸಿರಿಂಜಿನಿಂದ ಎಳೆದು ತೆಗೆಯಿರಿ. ಟ್ಯೂಬ್ ಕೀಳುವಾಗ ಪ್ಲಗ್ ಇದ್ದಲ್ಲೇ ಇರಲಿ, ಇಲ್ಲದಿದ್ದರೆ ಕಸವೆಲ್ಲ ಸಿಲಿಂಡರಿಗೆ ಬೀಳುತ್ತದೆ. ಕೀಳುವ ಮುಂಚೆ ಹಳೇ ಟ್ಯೂಬ್ ಹೆಡ್ಡಿನಿಂದ ಎಷ್ಟು ಎತ್ತರ ಇದೆ ಅಂತ ವರ್ನಿಯರ್‌ನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಹೊಸದು ಅಷ್ಟೇ ಎತ್ತರಕ್ಕೆ ಕೂರದಿದ್ದರೆ ಮೇಲಿನ ಸೀಲ್ ಹಿಡಿಯುವುದಿಲ್ಲ. ವೈಸ್ ಗ್ರಿಪ್ ಇಕ್ಕಳದಲ್ಲಿ ಹಿಡಿದು ತಿರುಗಿಸಿ ಎಳೆದರೆ ಹಳೇದು ನಜ್ಜುಗುಜ್ಜಾಗುತ್ತದೆ, ಅದನ್ನೇ ಮತ್ತೆ ಹಾಕುವ ಆಸೆ ಬೇಡ. ಹೊಸದನ್ನು ಮರದ ತುಂಡು ಇಟ್ಟು ನೆಟ್ಟಗೆ ಹೊಡೆಯಿರಿ.

ಬೋಲ್ಟ್ ಎಷ್ಟು ಬಿಗಿಯಾಯಿತು ಅಂತ ತೋರಿಸುವ ಟಾರ್ಕ್ ರೆಂಚ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ, ಗ್ಯಾರೇಜಿಗೇ ಕೊಡಿ. ಕವರ್‌ನ ಸಣ್ಣ ಬೋಲ್ಟುಗಳಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಜಾಸ್ತಿ ಬಿಗಿದರೆ ಪ್ಲಾಸ್ಟಿಕ್ ಕವರ್ ಸೀಳುತ್ತದೆ. ಗ್ಯಾರೇಜಿಗೆ ಕೊಟ್ಟರೂ, ಬುಡಕ್ಕೆ ಏನು ಹಾಕುತ್ತೀರಿ ಅಂತ ಕೇಳಿ. ಹಸಿರು ಕಾಂಪೌಂಡ್ ಬೇಕಿದ್ದರೆ ಬೇರಿಂಗ್ ಅಂಗಡಿಯಿಂದ ನೀವೇ ತಂದುಕೊಡಿ.